ಡೋಲು, ದುಡಿಮೆ ಮತ್ತು ಸಿಂಧನೂರಿನ ಕ್ಯಾಂಪುಗಳು

ನಮ್ಮ ಕಡೆ "ಕ್ಯಾಂಪ್" ಅನ್ನೋ ಪದಕ್ಕೆ ಇರೋ ಅರ್ಥ ಬೇರೆ ಜಿಲ್ಲೆಯವರಿಗೆ ಬೇಗ ಹೊಳೆಯೋದಿಲ್ಲ. ಮಿಲಿಟರಿಯವರದಾ, ಎನ್ನೆಸ್ಸೆಸ್ಸಿನವರದಾ ಅಂತ ಕೇಳ್ತಾರೆ. ಎಮ್ಮಿಗನೂರಿನಿಂದ ಕಂಪ್ಲಿಗೆ ಬಂದು, ಹೊಳೆ ಸೇತುವೆ ದಾಟಿ (ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಿರಬಾರದು ಅಷ್ಟೇ, ಬಿಟ್ಟರೆ ಸೇತುವೆಯೇ ಕಾಣಲ್ಲ) ಗಂಗಾವತಿ, ಕಾರಟಗಿ, ಸಿಂಧನೂರು ಅಂತ ಹೋಗ್ತಾ ಇದ್ರೆ ದಾರಿಯುದ್ದಕ್ಕೂ ಕ್ಯಾಂಪುಗಳೇ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆಗಳಲ್ಲಿ ನೀರು ಹರಿದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದು, ಜಮೀನು ಕೊಂಡು, ಹೊಲದ ಹತ್ತಿರವೇ ಗುಡಿಸಲು ಹಾಕಿಕೊಂಡರು. ಆ ಗುಡಿಸಲುಗಳ ಗುಂಪೇ ಕ್ಯಾಂಪ್. ಆಮೇಲೆ ಆರ್‌ಸಿಸಿ ಮನೆ ಬಂತು, ರೈಸ್ ಮಿಲ್ಲು ಬಂತು, ಇಂಗ್ಲಿಷ್ ಮೀಡಿಯಂ ಸ್ಕೂಲೂ ಬಂತು. ಹೆಸರು ಮಾತ್ರ ಕ್ಯಾಂಪ್ ಅಂತಲೇ ಉಳೀತು.

ಸಿಂಧನೂರು ತಾಲೂಕಿನಲ್ಲಿ ಇನ್ನೊಂದು ಥರದ ಕ್ಯಾಂಪುಗಳಿವೆ. ಬೋರ್ಡಿನ ಮೇಲೆ "ಆರ್.ಹೆಚ್. ಕ್ಯಾಂಪ್" ಅಂತ ಬರೆದು ಪಕ್ಕದಲ್ಲೊಂದು ನಂಬರು. ಆರ್.ಹೆಚ್. ಅಂದ್ರೆ ಪುನರ್ವಸತಿ, ರಿಹ್ಯಾಬಿಲಿಟೇಶನ್ ಅನ್ನೋದರ ಸರ್ಕಾರಿ ಮೊಟಕು. ಇಲ್ಲಿರುವವರು ದುಡ್ಡು ಕೊಟ್ಟು ಜಮೀನು ಕೊಂಡು ಬಂದವರಲ್ಲ. ಪೂರ್ವ ಪಾಕಿಸ್ತಾನ ಬಿಟ್ಟು ಬಂದವರನ್ನು 1970ರ ದಶಕದ ಆರಂಭದ ಹೊತ್ತಿಗೆ ಸರ್ಕಾರವೇ ಕರೆತಂದು ಇಲ್ಲಿ ನೆಲೆ ನಿಲ್ಲಿಸಿತು. ಬರ್ಮಾದಿಂದ ವಾಪಸಾದ ಒಂದಷ್ಟು ಕುಟುಂಬಗಳೂ ಇವೆ, ಆದರೆ ಬಹುಪಾಲು ಬಂಗಾಳಿಗಳು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ, ದಸರಾಕ್ಕೆ ದುರ್ಗಾಪೂಜೆಯ ಪೆಂಡಾಲು.

ಇವರ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತೆ, "ಸಿಂಧನೂರಿನಲ್ಲೊಂದು ಪುಟ್ಟ ಬಂಗಾಳ" ಅನ್ನೋ ಧಾಟಿಯಲ್ಲಿ. ಮೀನು, ಪೂಜೆ, ಸೀರೆ ಉಡುವ ರೀತಿ, ಇಷ್ಟು. ನನಗೆ ಕುತೂಹಲ ಇರೋದು ಬೇರೆ ಕಡೆ. ಇವರ ಜನ ಊರು ಬಿಟ್ಟಿದ್ದು ಒಂದು ಕಾಲ, ಗದ್ದೆಗೆ ಕೈ ಹಾಕಿದ್ದು ಇನ್ನೊಂದು ಕಾಲ. ನಡುವೆ ಎಷ್ಟೋ ಕುಟುಂಬಗಳಿಗೆ ವರ್ಷಗಟ್ಟಲೆ ಅಂತರ. ಆ ವರ್ಷಗಳಲ್ಲಿ ಅವರು ಏನು ಮಾಡ್ತಿದ್ದರು? ಉತ್ತರ ಒಂದೇ ಪದದ್ದು: ಕಾಯ್ತಿದ್ದರು. ಹಾಗೆ ಕಾಯೋದರಿಂದ ಮನುಷ್ಯನಿಗೆ ಏನಾಗುತ್ತೆ, ಆಮೇಲೆ ಕೈಗೊಂದು ಕೆಲಸ ಸಿಕ್ಕಾಗ ಏನಾಗುತ್ತೆ ಅನ್ನೋದೇ ಈ ಬರಹ.

ಮೊದಲು ಸ್ವಲ್ಪ ಹಿನ್ನೆಲೆ. ದೇಶ ವಿಭಜನೆಯಾದಾಗ ಪಶ್ಚಿಮದಲ್ಲಿ, ಅಂದರೆ ಪಂಜಾಬಿನಲ್ಲಿ, ಎಲ್ಲಾ ಒಂದೇ ಏಟಿಗೆ ಆಗಿಹೋಯಿತು. ಕೆಲವೇ ತಿಂಗಳಲ್ಲಿ ಲಕ್ಷಾಂತರ ಜನ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ. ಹೋದವರು ಬಿಟ್ಟ ಜಮೀನನ್ನು ಬಂದವರಿಗೆ ಹಂಚಿದರು. ಪೂರ್ವದಲ್ಲಿ ಹಾಗಾಗಲಿಲ್ಲ. ಅಲ್ಲಿ ಜನ ಅಲೆ ಅಲೆಯಾಗಿ ಬಂದರು. ಮೊದಲು ಬಂದವರು ಓದಿದವರು, ಮೇಲ್ಜಾತಿಯವರು, ಕಲ್ಕತ್ತೆಯಲ್ಲಿ ನೆಂಟರಿದ್ದವರು. ನೆಲ ನಂಬಿದ್ದ ನಾಮಶೂದ್ರ ರೈತರು, ದೋಣಿಯವರು, ಮೀನು ಹಿಡಿಯುವವರು ಅಲ್ಲೇ ಉಳಿದರು. ಅವರ ನಾಯಕ ಜೋಗೇಂದ್ರನಾಥ ಮಂಡಲ್ ಪಾಕಿಸ್ತಾನದ ಮೊದಲ ಕಾನೂನು ಮಂತ್ರಿಯೇ ಆಗಿದ್ದರು! 1950ರಲ್ಲಿ ಅವರೂ ರಾಜೀನಾಮೆ ಕೊಟ್ಟು ಭಾರತಕ್ಕೆ ಬಂದರು. 1950ರ ಗಲಭೆ, 1964ರ ಗಲಭೆ, ಒಂದೊಂದಕ್ಕೂ ಒಂದೊಂದು ಅಲೆ. ಕೊನೆಗೆ ಬಂದವರಿಗೆ ಕಲ್ಕತ್ತೆಯಲ್ಲಿ ಜಾಗ ಇರಲಿಲ್ಲ, ನೆಂಟರೂ ಇರಲಿಲ್ಲ. ಅವರ ಪಾಲಿಗೆ ಬಂದಿದ್ದು ಸರ್ಕಾರಿ ಶಿಬಿರ.

ಇನ್ನೊಂದು ವಿಷಯ. 1950ರ ಏಪ್ರಿಲ್‌ನಲ್ಲಿ ನೆಹರು ಮತ್ತು ಲಿಯಾಕತ್ ಅಲಿ ಖಾನ್ ನಡುವೆ ಒಪ್ಪಂದ ಆಯಿತಲ್ಲ, ಅದರ ಲೆಕ್ಕದಲ್ಲಿ ಬಂಗಾಳದಿಂದ ಬಂದವರು ಪರಿಸ್ಥಿತಿ ತಿಳಿಯಾದ ಮೇಲೆ ವಾಪಸ್ ಹೋಗಬೇಕಾದವರು. ವಾಪಸ್ ಹೋಗುವವರಿಗೆ ಪುನರ್ವಸತಿ ಯಾಕೆ, ಪರಿಹಾರ ಕೊಟ್ಟರೆ ಸಾಕು ಅನ್ನೋ ಲೆಕ್ಕ. ಹಾಗಾಗಿ ಶಿಬಿರದಲ್ಲಿ ಕೊಟ್ಟಿದ್ದು ಡೋಲು. ಇದು ಬಾರಿಸುವ ಡೋಲಲ್ಲ :-) ತಲೆಗಿಷ್ಟು ಅಂತ ಸರ್ಕಾರ ಕೊಡುತ್ತಿದ್ದ ರೊಕ್ಕ ಮತ್ತು ಪಡಿ. ಇದಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಮತ್ತೊಂದು ಪದ. ಗಂಡು ದಿಕ್ಕಿಲ್ಲದ ಹೆಂಗಸರು, ಮುದುಕರು, ಕಾಯಿಲೆಯವರು ಇದ್ದ ಶಿಬಿರಗಳಿಗೆ ಸರ್ಕಾರಿ ಕಡತಗಳಲ್ಲಿ ಇದ್ದ ಹೆಸರು "ಪರ್ಮನೆಂಟ್ ಲಯಬಿಲಿಟಿ" ಶಿಬಿರ. ಚಿಕ್ಕದಾಗಿ ಪಿ.ಎಲ್. ಕ್ಯಾಂಪ್. ಕನ್ನಡದಲ್ಲಿ ಹೇಳೋದಾದ್ರೆ ಖಾಯಂ ಹೊರೆ. ಬ್ಯಾಲೆನ್ಸ್ ಶೀಟಿನಲ್ಲಿ ಬರೆಯೋ ಪದವನ್ನು ಬದುಕಿರೋ ಮನುಷ್ಯರಿಗೆ ಇಟ್ಟಿದ್ದರು. ಹೆಸರಿಟ್ಟ ಗುಮಾಸ್ತನಿಗೆ ಕೆಟ್ಟ ಉದ್ದೇಶ ಇದ್ದಿರಲಿಕ್ಕಿಲ್ಲ, ಕಡತ ವಿಂಗಡಿಸಬೇಕಿತ್ತು ಅಷ್ಟೇ. ಆದರೆ ದಿನಾ ಬೆಳಿಗ್ಗೆ ಆ ಹೆಸರಿನ ಬೋರ್ಡಿನ ಕೆಳಗೆ ಸಾಲು ನಿಂತವಳಿಗೆ?

"ಖಾಲಿ ಕುಂತ್ರ ತಲಿ ಕೆಡ್ತೈತಿ" ಅಂತ ನಮ್ಮ ಕಡೆ ಹಿರಿಯರು ಬೈಯೋದನ್ನ ನೀವೂ ಕೇಳಿರ್ತೀರಿ. ಇದನ್ನು ಮೊದಲ ಸಲ ಎಣಿಸಿ, ಅಳೆದು, ಪುಸ್ತಕ ಮಾಡಿದವರು ಆಸ್ಟ್ರಿಯಾದವರು. ವಿಯೆನ್ನಾ ಹತ್ತಿರ ಮಾರಿಯೆಂಟಾಲ್ ಅಂತ ಒಂದು ಹಳ್ಳಿ. ಇಡೀ ಊರಿಗೆ ಒಂದೇ ನೂಲಿನ ಗಿರಣಿ. ಆರ್ಥಿಕ ಕುಸಿತದಲ್ಲಿ ಅದು ಮುಚ್ಚಿತು. ಮಾರಿ ಯಹೋದಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಅನ್ನೋ ಯುವ ಸಂಶೋಧಕರ ತಂಡ 1931-32ರಲ್ಲಿ ಆ ಊರನ್ನು ಅಧ್ಯಯನ ಮಾಡಿತು. ಊರಿನಲ್ಲಿ 478 ಕುಟುಂಬ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಕುಟುಂಬಗಳಲ್ಲಿ ಒಬ್ಬರಿಗೂ ಖಾಯಂ ಕೆಲಸ ಇರಲಿಲ್ಲ. ಭತ್ಯೆ ಬರ್ತಿತ್ತು, ಕಮ್ಮಿ ಆದರೂ ಬರ್ತಿತ್ತು. ಈ ತಂಡದವರು ಕೇಳಿದ ಪ್ರಶ್ನೆಗಳು ಮಜಾ ಇವೆ. ಜನ ರಸ್ತೆಯಲ್ಲಿ ಎಷ್ಟು ಜೋರಾಗಿ ನಡೀತಾರೆ? ಲೈಬ್ರರಿಯಿಂದ ಎಷ್ಟು ಪುಸ್ತಕ ಒಯ್ಯುತ್ತಾರೆ? ಬೆಳಿಗ್ಗೆಯಿಂದ ಏನು ಮಾಡಿದೆ ಅಂತ ಕೇಳಿದರೆ ಏನು ಬರೆದುಕೊಡ್ತಾರೆ?

ಹೊತ್ತು ಬೇಕಾದಷ್ಟಿದ್ದರೂ ಪುಸ್ತಕ ಒಯ್ಯೋದು ಎರಡೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆ ನಿಧಾನವಾಗಿತ್ತು, ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದರು. ಇಡೀ ದಿನದ ಲೆಕ್ಕ ಕೇಳಿದರೆ ಎದ್ದೆ, ಉಂಡೆ, ಮಲಗಿದೆ ಅನ್ನೋದರ ಆಚೆಗೆ ನೆನಪಿಗೇ ಬರುತ್ತಿರಲಿಲ್ಲ. ಹೆಂಗಸರು ಮಾತ್ರ ಮೊದಲಿನಷ್ಟೇ ಬಿರುಸಾಗಿ ನಡೆಯುತ್ತಿದ್ದರು. ಅಡುಗೆ, ಬಟ್ಟೆ, ಮಕ್ಕಳು, ಅವರ ಕೆಲಸಕ್ಕೆ ಗಿರಣಿ ಮುಚ್ಚಿದರೂ ರಜೆ ಇಲ್ಲವಲ್ಲ. ಪಾಪ ಅನ್ನಬೇಕೋ ಪುಣ್ಯ ಅನ್ನಬೇಕೋ ಗೊತ್ತಿಲ್ಲ.

ಈ ಮಾರಿ ಯಹೋದಾ ಮುಂದೆ ತಾನೇ ನಿರಾಶ್ರಿತೆಯಾದಳು. 1936ರಲ್ಲಿ ಆಸ್ಟ್ರಿಯಾ ಸರ್ಕಾರ ಅವಳನ್ನು ಬಂಧಿಸಿತು, ಮರುವರ್ಷ ದೇಶ ಬಿಡುವ ಷರತ್ತಿನ ಮೇಲೆ ಬಿಟ್ಟಿತು. ಇಂಗ್ಲೆಂಡಿಗೆ ಹೋದಳು, ಅಲ್ಲೂ ನಿರುದ್ಯೋಗಿ ಗಣಿ ಕಾರ್ಮಿಕರ ಮೇಲೇ ಕೆಲಸ ಮಾಡಿದಳು. ಎಷ್ಟೋ ವರ್ಷಗಳ ನಂತರ, 1982ರಲ್ಲಿ, ಕೆಲಸ ಸಂಬಳದ ಜೊತೆಗೆ ಇನ್ನೇನೇನು ಕೊಡುತ್ತೆ ಅಂತ ಬರೆದಳು: ದಿನಕ್ಕೊಂದು ಆಕಾರ, ಮನೆಯವರಲ್ಲದ ನಾಲ್ಕು ಜನರ ಒಡನಾಟ, ತಾನೂ ಯಾವುದೋ ದೊಡ್ಡ ಕೆಲಸದ ಒಂದು ಭಾಗ ಅನ್ನೋ ಭಾವ, ಊರಲ್ಲಿ ಒಂದು ಸ್ಥಾನ, ಮತ್ತು ಮೈ ಕೈ ಆಡುತ್ತಿರುವ ಅಭ್ಯಾಸ. ಸಂಬಳ ನಿಂತರೆ ಹೊಟ್ಟೆಗೆ ಹೊಡೆತ. ಈ ಐದೂ ನಿಂತರೆ ಹೊಡೆತ ಬೇರೆ ಕಡೆ ಬೀಳುತ್ತೆ.

ಐಟಿಯಲ್ಲಿ ಇರುವವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ನಮ್ಮಲ್ಲಿ "ಬೆಂಚ್" ಅಂತ ಒಂದಿದೆ. ಪ್ರಾಜೆಕ್ಟ್ ಮುಗಿದು ಇನ್ನೊಂದು ಸಿಗೋವರೆಗೆ ಸಂಬಳ ಬರುತ್ತೆ, ಕೆಲಸ ಇರಲ್ಲ. ಮೊದಲ ವಾರ ಹಬ್ಬ. ಎರಡನೇ ತಿಂಗಳಿಗೆ ಕ್ಯಾಂಟೀನಿನಲ್ಲಿ ಪರಿಚಯದವರನ್ನು ಕಂಡರೆ ಆ ಕಡೆಯ ಟೇಬಲ್ಲಿಗೆ ಹೋಗ್ತೀವಿ. ಎಸಿ ರೂಮಿನ ಬೆಂಚಿಗೂ ನಿರಾಶ್ರಿತರ ಶಿಬಿರಕ್ಕೂ ಹೋಲಿಕೆ ಮಾಡೋದು ತೀರಾ ದೊಡ್ಡ ಮಾತಾಯ್ತು, ಬಿಡಿ. ನಮಗೆ ಊರಿದೆ, ಆಧಾರ್ ಇದೆ, ಇನ್ನೊಂದು ಇಂಟರ್‌ವ್ಯೂ ಇದೆ. ದುಡ್ಡು ಕೈಗೆ ಬಂದರೂ ಒಳಗೆ ಏನೋ ಸವೆಯುತ್ತೆ ಅನ್ನೋದಕ್ಕೆ ಹೇಳಿದೆ ಅಷ್ಟೆ.

ಡೋಲು ಬೇಡ ಕೆಲಸ ಕೊಡಿ ಅನ್ನೋ ಮಾತು ನಮ್ಮ ದೇಶದಲ್ಲೂ ಆಗಲೇ ಎದ್ದಿತ್ತು. ಅದರಲ್ಲಿ ಒಬ್ಬ ಕನ್ನಡನಾಡಿನ ಹೆಣ್ಣುಮಗಳ ಪಾಲು ದೊಡ್ಡದು. ಕಮಲಾದೇವಿ ಚಟ್ಟೋಪಾಧ್ಯಾಯ ಅಂದ್ರೆ ನಮಗೆ ಕರಕುಶಲ ಕಲೆ ನೆನಪಾಗುತ್ತೆ. 1903ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು. ವಿಭಜನೆಯಾದ ಮರುವರ್ಷ, 1948ರಲ್ಲಿ, ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ದೆಹಲಿ ಹತ್ತಿರ ಛತ್ತರ್‌ಪುರದಲ್ಲಿ ನಿರಾಶ್ರಿತರ ಸಹಕಾರಿ ಬೇಸಾಯದಿಂದ ಶುರು. ಆಮೇಲೆ ಫರೀದಾಬಾದ್. ವಾಯವ್ಯ ಗಡಿನಾಡಿನಿಂದ ಬಂದವರಿಗೆ ಅಲ್ಲಿ ಹೊಸ ಊರು ಕಟ್ಟಬೇಕಿತ್ತು. ಕಂಟ್ರಾಕ್ಟರಿಗೆ ಕೊಟ್ಟು ಕಟ್ಟಿಸೋದು ಇಲಾಖೆಯ ರೂಢಿ. ನಮ್ಮ ಮನೆ ನಾವೇ ಕಟ್ತೀವಿ, ಆ ಕೂಲಿ ನಮಗೇ ಕೊಡಿ ಅಂತ ಹಠ ಹಿಡಿದಿದ್ದು ನಿರಾಶ್ರಿತರು. ಅವರಲ್ಲಿ ಬಹಳ ಜನ ಅಂಗಡಿ ಇಟ್ಟುಕೊಂಡಿದ್ದವರು, ಕರಣಿ ಹಿಡಿದವರಲ್ಲ. ಕಲಿತರು. ಸಾವಿರಾರು ಮನೆಗಳ ಊರನ್ನು ಕಟ್ಟಿ ನಿಲ್ಲಿಸಿದರು. ಅಲ್ಲಿ ಕಮಲಾದೇವಿಯವರ ಜೊತೆಗಿದ್ದ ಎಲ್.ಸಿ. ಜೈನ್ ಮುಂದೆ ಈ ಕಥೆಯನ್ನೇ ಪುಸ್ತಕವಾಗಿ ಬರೆದರು, 1998ರಲ್ಲಿ ಬಂತು.

ಪಶ್ಚಿಮದವರಿಗೆ ಕರಣಿ ಸಿಕ್ಕಿತು, ಪೂರ್ವದವರಿಗೆ ಡೋಲು ಸಿಕ್ಕಿತು ಅಂತ ಒಂದೇ ಗೆರೆ ಎಳೆದುಬಿಟ್ಟರೆ ಅದು ಪೂರ್ತಿ ಸರಿಯಲ್ಲ. ಬಂಗಾಳಿಗಳಿಗೂ ಕೆಲಸ ಕೊಡೋ ಯೋಜನೆ ಇತ್ತು. 1958ರಲ್ಲಿ ಶುರುವಾದ ದಂಡಕಾರಣ್ಯ ಯೋಜನೆ ಅದೇ. ರಾಯಪುರದ ಹತ್ತಿರ ಮಾನಾ ಅನ್ನೋ ಕಡೆ ದೊಡ್ಡ ಶಿಬಿರ. ಅಲ್ಲಿ ಸರದಿ ಬರೋವರೆಗೆ ಕಾಯಬೇಕು. ಸರದಿ ಬಂದರೆ ಬಸ್ತರ್, ಮಲ್ಕಾನ್‌ಗಿರಿ ಕಡೆ ಕಾಡು ಕಡಿದು ಮಾಡಿದ ಜಮೀನು. ಕಾಗದದ ಮೇಲೆ ಎಲ್ಲಾ ಸರಿಯಾಗಿದೆ: ನೆಲ, ಎತ್ತು, ಬೀಜ, ಸಾಲ. ಆದರೆ ಆ ನೆಲದಲ್ಲಿ ನೀರು ನಿಲ್ಲಲ್ಲ. ಯೋಜನೆಯ ಅಧ್ಯಕ್ಷರಾಗಿದ್ದ ಸೈಬಲ್ ಕುಮಾರ್ ಗುಪ್ತಾ ಅವರೇ ಹೊರಬಂದ ಮೇಲೆ 1965ರಲ್ಲಿ ಅದರ ಹುಳುಕುಗಳನ್ನು ಲೇಖನ ಬರೆದು ಬಿಚ್ಚಿಟ್ಟರು. ಹೊಟ್ಟೆಯಿಂದಲೇ ನೀರು ನೋಡಿಕೊಂಡು ಬೆಳೆದವರು ಈ ಜನ. ಬಾರಿಸಾಲ್, ಖುಲ್ನಾ, ಫರೀದ್‌ಪುರ ಅಂದರೆ ನದಿ, ಕಾಲುವೆ, ಕೆಸರು. ಕೆಸರಿನಲ್ಲಿ ಯಾವಾಗ ಕಾಲಿಡಬೇಕು ಅನ್ನೋದು ಅವರ ಕಾಲಿಗೇ ಗೊತ್ತಿತ್ತು. ಕಲ್ಲು ಮಣ್ಣಿನ ಒಣಭೂಮಿಯಲ್ಲಿ ಆ ತಿಳಿವಳಿಕೆಗೆ ಬೆಲೆ ಇಲ್ಲ. ಅನುಭವಿ ರೈತ ಅಲ್ಲಿ ಮತ್ತೆ ಏನೂ ಗೊತ್ತಿಲ್ಲದ ಆಳು.

ಮುಂದೆ ಆಗಿದ್ದು ಇತಿಹಾಸದಲ್ಲಿ ದಾಖಲಾಗಿದೆ. 1978ರಲ್ಲಿ ಸಾವಿರಾರು ಕುಟುಂಬಗಳು ಸಿಕ್ಕ ನೆಲ, ಸಿಕ್ಕ ಎತ್ತು ಎಲ್ಲಾ ಬಿಟ್ಟು ರೈಲು ಹತ್ತಿ ಬಂಗಾಳಕ್ಕೆ ಹೊರಟವು. ಅವರಲ್ಲಿ ಒಂದು ದೊಡ್ಡ ಗುಂಪು ಸುಂದರಬನದ ಮರಿಚ್‌ಝಾಪಿ ದ್ವೀಪ ಸೇರಿತು. ಅಲ್ಲಿ ಯಾವ ಸರ್ಕಾರದ ನೆರವೂ ಇಲ್ಲದೆ ತಾವೇ ಒಡ್ಡು ಹಾಕಿದರು, ಮೀನು ಸಾಕಿದರು, ಶಾಲೆ ನಡೆಸಿದರು, ದೋಣಿ ಕಟ್ಟಿದರು. ಡೋಲು ತಿಂದು ಮೈಗಳ್ಳರಾದರು ಅಂತ ಯಾರ ಬಗ್ಗೆ ಅಧಿಕಾರಿಗಳು ಬರೆದಿದ್ದರೋ ಅದೇ ಜನ! 1979ರ ಜನವರಿಯಲ್ಲಿ ಪಶ್ಚಿಮ ಬಂಗಾಳ ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು, ಮೇ ತಿಂಗಳಲ್ಲಿ ಬಲವಂತವಾಗಿ ಖಾಲಿ ಮಾಡಿಸಿತು. ಸತ್ತವರ ಸಂಖ್ಯೆಯ ಬಗ್ಗೆ ಇವತ್ತಿಗೂ ಜಗಳ ಇದೆ. ನನಗೆ ಅದರಲ್ಲಿ ಅತಿ ಕಹಿ ಅನ್ನಿಸೋದು ಅವರು ಅಲ್ಲಿ ಒಂದು ವರ್ಷದಲ್ಲಿ ಮಾಡಿ ತೋರಿಸಿದ ಕೆಲಸ.

ಈಗ ಸಿಂಧನೂರಿಗೆ ವಾಪಸ್ ಬರೋಣ. ಅದೇ ಜನ, ಅದೇ ಇಲಾಖೆ, ಅದೇ ಥರದ ಆದೇಶ. ವ್ಯತ್ಯಾಸ ಅಂದ್ರೆ ಕಾಲುವೆ. ನಮ್ಮ ಎರೆಭೂಮಿ ಬಂಗಾಳದ ಮೆಕ್ಕಲು ಮಣ್ಣಲ್ಲ ನಿಜ, ಬಿಸಿಲು ಕೂಡ ಅಲ್ಲಿಯದಲ್ಲ. ರಾಯಚೂರು ಜಿಲ್ಲೆಯ ಮೇ ತಿಂಗಳು ಹೊಸಬರಿಗೆ ಹೇಗಿರುತ್ತೆ ಅಂತ ನಾವು ಊಹಿಸಬಹುದು. ಆದರೆ ತುಂಗಭದ್ರಾ ಎಡದಂಡೆಯ ನೀರು ಹರಿದ ಗದ್ದೆಯಲ್ಲಿ ಸಸಿ ಹಚ್ಚೋದಕ್ಕೆ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಭತ್ತ ಅವರ ಕೈಗೆ ಗೊತ್ತಿತ್ತು. ಭೂಮಿ ಕೊಟ್ಟಿದ್ದು ಸರ್ಕಾರ, ಸರಿ. ಆ ಭೂಮಿಯಲ್ಲಿ ಅವರ ಹಳೆಯ ಬದುಕಿನ ಒಂದು ತುಣುಕು ಉಪಯೋಗಕ್ಕೆ ಬಂತಲ್ಲ, ಆ ಭಾಗ್ಯ ದಂಡಕಾರಣ್ಯದವರಿಗೆ ಸಿಗಲಿಲ್ಲ. ಅಲ್ಲಿಂದ ಜನ ಗುಂಪು ಗುಂಪಾಗಿ ಓಡಿಹೋದರು. ಇಲ್ಲಿಯ ಕ್ಯಾಂಪುಗಳು ಐವತ್ತು ವರ್ಷದ ಮೇಲೂ ಊರಾಗಿ ನಿಂತಿವೆ. ಕಾರಣ ಬರೀ ಇದೊಂದೇ ಅಂತ ನಾನು ಹೇಳಲ್ಲ. ಕಾಲುವೆಯ ಕೊನೆ ಭಾಗದವರಿಗೆ ನೀರು ಸಿಗದೆ ಒದ್ದಾಡೋದು ಸಿಂಧನೂರು, ಮಾನ್ವಿ ಕಡೆ ಎಲ್ಲರಿಗೂ ಗೊತ್ತಿರೋ ಕಥೆ, ಅದರಲ್ಲಿ ಇವರೂ ಪಾಲುದಾರರು. ಆದರೂ ಕೆಲಸ ಅಂತ ಯಾವುದನ್ನೋ ಕೊಡೋದಕ್ಕೂ, ಗೊತ್ತಿರೋ ಕೆಲಸ ಕೊಡೋದಕ್ಕೂ ಇರೋ ದೂರ ಈ ಎರಡು ಊರುಗಳ ನಡುವೆ ಕಣ್ಣಿಗೆ ಕಾಣುತ್ತೆ.

ಕೆಲಸ ಅಂದ ಕೂಡಲೇ ಒಳ್ಳೇದು ಅನ್ನೋಕಾಗಲ್ಲ ಅನ್ನೋದಕ್ಕೆ ನಮ್ಮ ರಾಜ್ಯದಲ್ಲೇ ಇನ್ನೊಂದು ಸಾಕ್ಷಿ ಇದೆ, ಟಿಬೆಟಿನವರು. 1959ರಲ್ಲಿ ದಲಾಯಿ ಲಾಮಾ ಹಿಂದೆ ಸುಮಾರು 80 ಸಾವಿರ ಜನ ಬಂದರು. ಅಸ್ಸಾಮಿನ ಮಿಸ್ಸಾಮಾರಿಯಲ್ಲಿ ಬಿದಿರಿನ ಗುಡಿಸಲುಗಳ ಶಿಬಿರ. ಮಂಜಿನ ನಾಡಿನವರಿಗೆ ಅಲ್ಲಿಯ ಸೆಕೆ, ಕಾಯಿಲೆ ತಡೆಯಲಾಗಲಿಲ್ಲ. ಹಾಗಾಗಿ ತಂಪು ಜಾಗಕ್ಕೆ, ಹಿಮಾಲಯದ ರಸ್ತೆ ಕೆಲಸಕ್ಕೆ ಕಳಿಸಿದರು. ಕೂಲಿ ಸಿಕ್ಕಿತು. ಆದರೆ ಅದೆಂಥ ಕೆಲಸ! ಡೈನಮೈಟ್, ಕುಸಿಯುವ ಬೆಟ್ಟ, ರಸ್ತೆ ಮುಂದೆ ಹೋದ ಹಾಗೆ ಟೆಂಟೂ ಮುಂದೆ. ಮಕ್ಕಳು ರಸ್ತೆ ಬದಿಯಲ್ಲೇ. 1960ರ ಮೇ ತಿಂಗಳಲ್ಲಿ ಜಮ್ಮುವಿನ ರಸ್ತೆ ಶಿಬಿರಗಳಿಂದ 51 ಮಕ್ಕಳನ್ನು ಧರ್ಮಶಾಲೆಗೆ ಕರೆತಂದರು, ದಲಾಯಿ ಲಾಮಾರ ಅಕ್ಕ ತ್ಸೆರಿಂಗ್ ಡೋಲ್ಮಾ ಅವರನ್ನು ನೋಡಿಕೊಂಡರು. ಇವತ್ತಿನ ಟಿಬೆಟನ್ ಮಕ್ಕಳ ಗ್ರಾಮ ಶುರುವಾಗಿದ್ದು ಹಾಗೆ. ಕೆಲಸ ಇದ್ದೂ ಜನ ಸಾಯ್ತಿದ್ದ ಕಾಲ ಅದು.

ನೆಹರು ರಾಜ್ಯಗಳಿಗೆ ಜಮೀನು ಕೇಳಿದಾಗ ಧಾರಾಳವಾಗಿ ಕೊಟ್ಟಿದ್ದು ಮೈಸೂರು ರಾಜ್ಯ. ಇದಕ್ಕಾಗಿ ದಲಾಯಿ ಲಾಮಾ ನಿಜಲಿಂಗಪ್ಪನವರನ್ನು ಎಷ್ಟೋ ಸಲ ನೆನೆದಿದ್ದಾರೆ. 1960ರಲ್ಲಿ ಬೈಲಕುಪ್ಪೆ ಶುರುವಾದಾಗ ಮುಖ್ಯಮಂತ್ರಿ ಕುರ್ಚಿಯಲ್ಲಿದ್ದವರು ಬಿ.ಡಿ. ಜತ್ತಿ, 1966ರಲ್ಲಿ ಮುಂಡಗೋಡದ ಹೊತ್ತಿಗೆ ನಿಜಲಿಂಗಪ್ಪ. ಇಬ್ಬರಿಗೂ ಸಲ್ಲಬೇಕು. (ನಿಜಲಿಂಗಪ್ಪನವರು ಹುಟ್ಟಿದ ಹಲುವಾಗಲು ಆಗ ನಮ್ಮ ಬಳ್ಳಾರಿ ಜಿಲ್ಲೆಯ ಹಳ್ಳಿ, ಅದಕ್ಕೇ ಸ್ವಲ್ಪ ಹೆಮ್ಮೆ.) ಪಿರಿಯಾಪಟ್ಟಣ ತಾಲೂಕಿನಲ್ಲಿ ಸುಮಾರು 3,000 ಎಕರೆ ಕಾಡು. ಕಡಿಯಬೇಕು, ಸುಡಬೇಕು, ಆನೆಗಳನ್ನು ದೂರ ಇಡಬೇಕು. ಯಾಕ್ ಮೇಯಿಸಿದವರು, ಬಾರ್ಲಿ ಬೆಳೆದವರು, ವ್ಯಾಪಾರ ಮಾಡಿದವರು ಈಗ ಮರದ ಬುಡ ಕೀಳಬೇಕು. ಆ ದಿನಗಳಲ್ಲಿ ಅಲ್ಲಿಗೆ ಹೋಗಿದ್ದ ದಲಾಯಿ ಲಾಮಾ, ಧೂಳು ಬಿಸಿಲಿಗೆ ಜನ ಹೇಗೆ ಕಂಗೆಟ್ಟಿದ್ದರು ಅನ್ನೋದನ್ನು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಇದೂ ರಸ್ತೆ ಕೆಲಸದಷ್ಟೇ ಕಷ್ಟ, ಬಹುಶಃ ಹೆಚ್ಚೇ. ಆದರೂ ಬೈಲಕುಪ್ಪೆ ಉಳೀತು. ಕಾರಣ ಹುಡುಕಿದರೆ ಎರಡು ಕಾಣುತ್ತೆ. ಒಂದು, ಕೊನೆಗೆ ಆ ನೆಲ ಅವರ ಕೈಯಲ್ಲೇ ಉಳಿಯೋದಿತ್ತು. ಕಡಿದ ಮರದ ಜಾಗದಲ್ಲಿ ನಾಳೆ ನನ್ನ ಜೋಳ ಬೆಳೆಯುತ್ತೆ ಅನ್ನೋದಕ್ಕೂ, ಹಾಕಿದ ರಸ್ತೆಯಲ್ಲಿ ನಾಳೆ ಯಾರದೋ ಲಾರಿ ಹೋಗುತ್ತೆ ಅನ್ನೋದಕ್ಕೂ ವ್ಯತ್ಯಾಸ ಇದೆ. ಎರಡು, ಅವರನ್ನು ಚದುರಿಸಲಿಲ್ಲ. ಒಂದೇ ಕಡೆ ಇಟ್ಟರು, ಸಹಕಾರ ಸಂಘ ಅವರದೇ, ಶಾಲೆಯಲ್ಲಿ ಅವರ ಭಾಷೆ, ಮಠವೂ ಅಲ್ಲೇ. ಬಂಗಾಳದ ಬಕ್ಸಾ ಕೋಟೆಯಲ್ಲಿ, ಬ್ರಿಟಿಷರ ಹಳೇ ಜೈಲಿನಲ್ಲಿ, ಕ್ಷಯದಲ್ಲಿ ನರಳುತ್ತಲೂ ಓದು ಬಿಡದಿದ್ದ ಭಿಕ್ಷುಗಳು 1970ರ ಆಸುಪಾಸಿನಲ್ಲಿ ಬೈಲಕುಪ್ಪೆಗೂ ಮುಂಡಗೋಡಕ್ಕೂ ಬಂದರು. ಮೊದಲ ವರ್ಷಗಳಲ್ಲಿ ಅವರೂ ಹೊಲದಲ್ಲಿ ದುಡಿದರು. ಬಕ್ಸಾದಲ್ಲಿ ಅವರನ್ನು ಉಳಿಸಿದ್ದು ಆ ಓದೇ ಇರಬೇಕು ಅಂತ ನನ್ನ ಗುಮಾನಿ. ಅದೂ ದಿನಕ್ಕೊಂದು ಆಕಾರ ಕೊಡುವ ಕೆಲಸವೇ ತಾನೇ.

ಹೊಲದ ಆದಾಯ ಸಾಕಾಗದೆ ಇವರು ಚಳಿಗಾಲದಲ್ಲಿ ಸ್ವೆಟರ್ ಮಾರಲು ಹೊರಟರು. ಲುಧಿಯಾನದ ಮಿಲ್ಲಿನವರಿಂದ ಸಾಲದ ಮೇಲೆ ಮಾಲು ತಂದು, ಊರೂರಿನ ಬಯಲಲ್ಲಿ ಟೆಂಟ್ ಹಾಕಿ ಮಾರಿ, ಸೀಸನ್ ಮುಗಿದ ಮೇಲೆ ಲೆಕ್ಕ ತೀರಿಸೋದು. ದೇಶವೇ ಇಲ್ಲದವನಿಗೆ ಬರೀ ನಂಬಿಕೆ ಮೇಲೆ ಸಾಲ! ಇದರ ಬಗ್ಗೆಯೇ ಒಂದು ಪ್ರತ್ಯೇಕ ಲೇಖನ ಬರೆಯಬಹುದು. ಇನ್ನೂ ಒಂದು ವಿಷಯ: ಟಿಬೆಟನ್ನರ ಪುನರ್ವಸತಿಗೆ ಅಂತಲೇ 1968ರಲ್ಲಿ ಹುಟ್ಟಿದ ಸಂಸ್ಥೆ ಮೈರಾಡ. ಆ ಕೆಲಸ ಮುಗಿಯುತ್ತಾ ಬಂದ ಮೇಲೆ ಅದು ನಮ್ಮ ಹಳ್ಳಿಗಳ ಬಡವರ ಕಡೆ ತಿರುಗಿತು. ಅಲ್ಲಿ ಬೆಳೆದ ಸಣ್ಣ ಸಾಲದ ಗುಂಪುಗಳೇ 1992ರ ನಬಾರ್ಡ್ ಯೋಜನೆಗೆ ದಾರಿ ಮಾಡಿದ್ದು. ನಿಮ್ಮೂರಿನ ಸ್ವಸಹಾಯ ಸಂಘದ ವಂಶವೃಕ್ಷದಲ್ಲಿ ಎಲ್ಲೋ ಒಬ್ಬ ಟಿಬೆಟನ್ ನಿರಾಶ್ರಿತ ಇದ್ದಾನೆ.

ಸರಿ, ಇದೆಲ್ಲಾ ಕಥೆ, ಮನಸ್ಸಿನ ಮಾತಿಗೆ ಪುರಾವೆ ಏನು ಅಂತ ನೀವು ಕೇಳಬಹುದು. ಬಾಂಗ್ಲಾದೇಶದಲ್ಲೇ ಒಂದು ಪ್ರಯೋಗ ಆಗಿದೆ. ಎಂಥ ವಿಪರ್ಯಾಸ ನೋಡಿ, ಯಾವ ನೆಲದಿಂದ ಸಿಂಧನೂರಿನವರು ಓಡಿಬಂದರೋ ಆ ನೆಲಕ್ಕೆ 2017ರಲ್ಲಿ ಮ್ಯಾನ್ಮಾರಿನಿಂದ ಲಕ್ಷಾಂತರ ರೋಹಿಂಗ್ಯಾಗಳು ಓಡಿಬಂದರು. ಕಾಕ್ಸ್ ಬಜಾರಿನ ಶಿಬಿರಗಳಲ್ಲಿ ಪಡಿ ಸಿಗುತ್ತೆ, ಹೊರಗೆ ಕೆಲಸ ಮಾಡೋ ಹಕ್ಕಿಲ್ಲ. ರೇಶ್ಮಾನ್ ಹುಸಾಮ್ ಮತ್ತು ಸಂಗಡಿಗರು ಅಲ್ಲಿ 745 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ತಿಂಗಳು ಸಣ್ಣದೊಂದು ಕೆಲಸ, ಸುತ್ತಮುತ್ತ ಜನ ಏನು ಮಾಡ್ತಿದ್ದಾರೆ ಅಂತ ಗಮನಿಸಿ ಗುರುತು ಹಾಕೋದು, ಅದಕ್ಕೆ ಕೂಲಿ. ಇನ್ನೊಂದು ಗುಂಪಿಗೆ ಅಷ್ಟೇ ದುಡ್ಡು, ಕೆಲಸ ಇಲ್ಲದೆ. ಮೂರನೆಯವರಿಗೆ ಮಾತಾಡಿಸಿದ್ದಕ್ಕೆ ಅಂತ ಚಿಲ್ಲರೆ ಕಾಸು. 2022ರಲ್ಲಿ ಅಮೆರಿಕದ ದೊಡ್ಡ ಅರ್ಥಶಾಸ್ತ್ರ ಪತ್ರಿಕೆಯೊಂದರಲ್ಲಿ ಫಲಿತಾಂಶ ಬಂತು. ಕೆಲಸ ಸಿಕ್ಕವರಲ್ಲಿ ಖಿನ್ನತೆ, ಒತ್ತಡ ಇಳಿದಿತ್ತು. ಬರೀ ದುಡ್ಡು ಸಿಕ್ಕವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಇರಲಿಲ್ಲ. ಕೊನೆಗೆ, ಇನ್ನು ಕೂಲಿ ಇಲ್ಲ, ಆದರೂ ಸ್ವಲ್ಪ ದಿನ ಕೆಲಸ ಮಾಡ್ತೀರಾ ಅಂತ ಕೇಳಿದಾಗ ಮೂವರಲ್ಲಿ ಸುಮಾರು ಇಬ್ಬರು ಹೂಂ ಅಂದರು.

ಬಿಟ್ಟಿಯಾಗಿ! ಕೈಯಲ್ಲಿ ಕಾಸಿಲ್ಲದವರು. ಇದನ್ನು ಓದಿ, ಹಾಗಾದ್ರೆ ಇವರಿಗೆ ಕೂಲಿ ಕಮ್ಮಿ ಕೊಟ್ಟರೂ ನಡೆಯುತ್ತೆ ಅಂತ ಯಾರಾದರೂ ಮ್ಯಾನೇಜರ್ ಲೆಕ್ಕ ಹಾಕಿಯಾರು ಅನ್ನೋ ಭಯವೂ ನನಗಿದೆ. ಹಿಮಾಲಯದ ರಸ್ತೆಗಳನ್ನು ನೆನಪಿಟ್ಟುಕೊಂಡೇ ಇದನ್ನು ಓದಬೇಕು.

ಸಿಂಧನೂರಿನಲ್ಲಿ ಈಗ ಮೂರನೇ ತಲೆಮಾರು. ಅಜ್ಜನಿಗೆ ಸಿಕ್ಕ ಜಮೀನು ಮಕ್ಕಳು ಮೊಮ್ಮಕ್ಕಳಿಗೆ ಹಂಚಿ ತುಂಡಾಗಿದೆ. ಇವರು ಕನ್ನಡದಲ್ಲೇ ಓದಿದವರು, ಡಿಗ್ರಿ ಮಾಡಿದವರು. ಗದ್ದೆ ಸಾಲದು, ನೌಕರಿ ಬೇಕು. ಅಲ್ಲಿ ಎರಡು ಬಾಗಿಲು ಮುಚ್ಚಿಕೊಂಡವು. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಕರ್ನಾಟಕದ ಪಟ್ಟಿಯಲ್ಲಿ ಹೆಸರಿಲ್ಲದ್ದರಿಂದ ಇಲ್ಲಿ ದಶಕಗಳ ಕಾಲ ಆ ಪ್ರಮಾಣಪತ್ರಕ್ಕಾಗಿ ಅಲೆದಾಟ. ಇನ್ನೊಂದು ಪೌರತ್ವ. ಸರ್ಕಾರವೇ ಕರೆತಂದು ಕೂರಿಸಿದ್ದರೂ ಕ್ಯಾಂಪುಗಳಲ್ಲಿ, ಅದರಲ್ಲೂ ಆಮೇಲೆ ಬಂದು ಸೇರಿಕೊಂಡವರಲ್ಲಿ, ಕಾಗದ ಸರಿ ಇಲ್ಲದವರಿದ್ದರು. ಬೈಲಕುಪ್ಪೆ, ಮುಂಡಗೋಡದಲ್ಲೂ ಬೇರೆ ರೂಪದಲ್ಲಿ ಇದೇ. ಓದಿದ ಹುಡುಗ ಹುಡುಗಿಯರಿಗೆ ಸೆಟ್ಲ್‌ಮೆಂಟಿನೊಳಗೆ ತಕ್ಕ ಕೆಲಸ ಇಲ್ಲ, ಹೊರಗೆ ಸರ್ಕಾರಿ ನೌಕರಿಗೆ ದಾರಿ ಇಲ್ಲ. ಬೆಂಗಳೂರಿನ ಕಾಲ್ ಸೆಂಟರು, ಆಮೇಲೆ ಯುರೋಪು, ಕೆನಡಾ. ಮುದುಕರು ಜೋಳದ ಹೊಲ ನೋಡಿಕೊಂಡು ಉಳಿದಿದ್ದಾರೆ, ಗೇಣಿಗೆ ಕೊಟ್ಟವರೂ ಇದ್ದಾರೆ. ಅಜ್ಜನ ಕಾಲದ ಕಾಯುವಿಕೆ ಶಿಬಿರದಲ್ಲಿ ಸಾಲು ನಿಲ್ಲೋದಾಗಿತ್ತು. ಮೊಮ್ಮಗನದು ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬಿ, "ಜಾತಿ" ಅನ್ನೋ ಖಾನೆಯ ಹತ್ತಿರ ಬಂದು ನಿಲ್ಲೋದು.

ಪೌರತ್ವ ತಿದ್ದುಪಡಿ ಕಾಯ್ದೆಯ ನಿಯಮಗಳು 2024ರಲ್ಲಿ ಜಾರಿಗೆ ಬಂದ ಮೇಲೆ ಸಿಂಧನೂರಿನ ಕ್ಯಾಂಪಿನ ಕೆಲವರಿಗೆ ಪ್ರಮಾಣಪತ್ರ ಬಂತು. ಬೆರಳೆಣಿಕೆಯಷ್ಟು ಜನ. ಆ ಕಾಯ್ದೆಯ ಬಗ್ಗೆ ನನ್ನ ತಕರಾರುಗಳು ಬೇರೆ ಇವೆ, ಅದು ಇಲ್ಲಿ ಬೇಡ. ಅದೇ ವರ್ಷ ಆಗಸ್ಟ್ 10ರ ರಾತ್ರಿ ನಮ್ಮ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಹೊಸಪೇಟೆಯಿಂದ ರಾಯಚೂರಿನವರೆಗೆ ಗದ್ದೆ ಇದ್ದವರಿಗೆಲ್ಲಾ ಒಂದೇ ಚಿಂತೆ, ತುಂಬಿದ ಡ್ಯಾಮು ಖಾಲಿಯಾದರೆ ಹಚ್ಚಿದ ಸಸಿ ಗತಿ ಏನು ಅಂತ. ವಾರದೊಳಗೆ ಸ್ಟಾಪ್‌ಲಾಗ್ ಇಳಿಸಿ ನೀರು ನಿಲ್ಲಿಸಿದರು. ಆಮೇಲೆ ಮಳೆಯೂ ಬಂತು, ಡ್ಯಾಮು ಮತ್ತೆ ತುಂಬಿತು. ಎಡದಂಡೆ ಕಾಲುವೆಯಲ್ಲಿ ಆ ವರ್ಷ ನೀರು ಹರೀತು.